ಟ್ಯಾಂಕುಗಳು ಎದುರುಬದುರು ನಿಂತರೂ ಗುಂಡು ಹಾರದಿದ್ದುದು ಏಕೆ? ಬರ್ಲಿನ್, ಕೊರಿಯಾ ಮತ್ತು ಅಣ್ವಸ್ತ್ರ ಯುಗದ ಗಡಿಗಳು

ಪ್ರಶ್ನೆ: ಇತಿಹಾಸದ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಬೋಧಿಸುವ ನನಗೆ ಶೀತಲ ಸಮರದ ಪಾಠ ಬಂದಾಗಲೆಲ್ಲ ಒಂದು ತೊಡಕು ಎದುರಾಗುತ್ತದೆ. ಎರಡೂ ಬಣಗಳ ಕೈಯಲ್ಲಿ ಅಣ್ವಸ್ತ್ರ ಇದ್ದುದರಿಂದ ಪರಸ್ಪರ ಭಯ ಹುಟ್ಟಿತು, ಆ ಭಯವೇ ಯುದ್ಧವನ್ನು ತಡೆಯಿತು ಎಂದು ಹೇಳಿ ನಾವು ಪಾಠ ಮುಗಿಸುವುದು ರೂಢಿ. ಈ ವರ್ಷ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಭಯ ಅಷ್ಟು ದೊಡ್ಡದಾಗಿದ್ದರೆ 1961ರ ಅಕ್ಟೋಬರ್‌ನಲ್ಲಿ ಒಬ್ಬ ಅಧಿಕಾರಿ ಗುರುತಿನ ಚೀಟಿ ತೋರಿಸಲು ಒಪ್ಪದಿದ್ದ ವಿಷಯಕ್ಕೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಬರ್ಲಿನ್ನಿನ ಬೀದಿಗೆ ಟ್ಯಾಂಕುಗಳನ್ನು ಇಳಿಸಿದ್ದು ಹೇಗೆ ಎಂದು ಕೇಳಿದಳು.

ಪ್ರಶ್ನೆ ನ್ಯಾಯವಾದದ್ದು. ನಿಜವಾಗಿ ಭಯವಿದ್ದವರು ಅಷ್ಟು ಸಣ್ಣ ಕಾರಣಕ್ಕೆ ಅಷ್ಟು ಹತ್ತಿರ ಬರುವುದಿಲ್ಲ. ಭಯವೇ ಇಲ್ಲದವರು ಹತ್ತಿರ ಬಂದ ಮೇಲೆ ರಾತ್ರಿಯಿಡೀ ಸುಮ್ಮನೆ ನಿಲ್ಲುವುದೂ ಇಲ್ಲ. ಹಾಗಾದರೆ ಬರ್ಲಿನ್ನಿನಂಥ ಒಡೆದ ಗಡಿಗಳಲ್ಲಿ ಗುಂಡು ಹಾರದಂತೆ ತಡೆದದ್ದು ಬಾಂಬೇ, ಅಥವಾ ಬೇರೆ ಏನಾದರೂ ಇತ್ತೇ? ಕೊರಿಯಾದ ಗಡಿಗೂ ಇದೇ ಉತ್ತರ ಅನ್ವಯಿಸುತ್ತದೆಯೇ? ತಿಳಿದವರು ಸ್ವಲ್ಪ ವಿವರವಾಗಿ ಬರೆದರೆ ತರಗತಿಯಲ್ಲಿ ಓದಿ ಹೇಳಬಹುದು.

ಉತ್ತರ 1: ಹಳೇನಕ್ಷೆ

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಗೆ ನನ್ನ ಅಭಿನಂದನೆ ತಿಳಿಸಿ. ಅಣ್ವಸ್ತ್ರದ ಭಯ ಇಬ್ಬರನ್ನೂ ಎಚ್ಚರದಲ್ಲಿ ಇರಿಸಿತ್ತು ನಿಜ. ಆದರೆ ಎಲ್ಲಿಗೆ ಬಂದು ನಿಲ್ಲಬೇಕು ಎಂಬುದನ್ನು ಭಯ ಹೇಳಿಕೊಡುವುದಿಲ್ಲ. ನನ್ನ ಓದಿನ ಪ್ರಕಾರ ಅದನ್ನು ತೀರ್ಮಾನಿಸುತ್ತಿದ್ದುದು ರೇಖೆ ಎಲ್ಲಿದೆ ಮತ್ತು ರೇಖೆಯ ಆಚೆಗೆ ಹೊಣೆ ಯಾರದು ಎಂಬ ತಿಳಿವಳಿಕೆ. ಈ ಎರಡರಲ್ಲಿ ಒಂದು ಮಸುಕಾದಾಗ ಬರ್ಲಿನ್ನಿನಲ್ಲಿ ಬಿಕ್ಕಟ್ಟು ಹುಟ್ಟಿದೆ, ಎರಡೂ ಸ್ಪಷ್ಟವಾದಾಗ ಅದು ಕರಗಿದೆ.

ಮೊದಲ ಬಿಕ್ಕಟ್ಟನ್ನೇ ನೋಡಿ. ಎರಡನೆಯ ಮಹಾಯುದ್ಧದ ನಂತರ ವಲಯಗಳಾಗಿ ಹಂಚಿಹೋದ ಜರ್ಮನಿಯಲ್ಲಿ ಬರ್ಲಿನ್ ನಗರ ಸೋವಿಯತ್ ವಲಯದ ನಡುವೆ, ಪಶ್ಚಿಮ ವಲಯಗಳ ಅಂಚಿನಿಂದ 160 ಕಿಲೋಮೀಟರಿಗೂ ಹೆಚ್ಚು ಒಳಗೆ ಇತ್ತು. ಆ ನಗರವನ್ನು ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ಎಂಬ ನಾಲ್ಕು ವಿಜಯಿ ರಾಷ್ಟ್ರಗಳು ಹಂಚಿಕೊಂಡಾಗ ಅಲ್ಲಿಗೆ ಹೋಗುವ ರಸ್ತೆ ಮತ್ತು ರೈಲು ಮಾರ್ಗಗಳ ಬಗ್ಗೆ ಗಟ್ಟಿಯಾದ ಲಿಖಿತ ಒಪ್ಪಂದ ಆಗಿರಲಿಲ್ಲ. ಮೂರು ವಾಯುಮಾರ್ಗಗಳ ಬಗ್ಗೆ ಮಾತ್ರ 1945ರ ನವೆಂಬರ್‌ನಲ್ಲಿ ಬರವಣಿಗೆಯಲ್ಲಿ ಒಪ್ಪಿಗೆಯಾಗಿತ್ತು. 1948ರ ಜೂನ್ 24ರಂದು ಸ್ಟಾಲಿನ್ ರಸ್ತೆ, ರೈಲು, ಜಲಮಾರ್ಗಗಳನ್ನು ಮುಚ್ಚಿಸಿದರು. ವಿಮಾನಗಳನ್ನು ಮಾತ್ರ ಹೊಡೆದುರುಳಿಸಲಿಲ್ಲ. 1949ರ ಮೇ 12ರಂದು ದಿಗ್ಬಂಧನ ತೆರವಾಗುವವರೆಗೆ, ಆಮೇಲೂ ಕೆಲವು ತಿಂಗಳು, 20 ಲಕ್ಷಕ್ಕೂ ಹೆಚ್ಚು ಜನರ ಹಿಟ್ಟು, ಕಲ್ಲಿದ್ದಲು, ಔಷಧ ಎಲ್ಲವೂ ಆಕಾಶದಿಂದಲೇ ಬಂದವು, ಒಟ್ಟು 2.7 ಲಕ್ಷಕ್ಕೂ ಹೆಚ್ಚು ಹಾರಾಟಗಳು ನಡೆದವು. ಆಗ ಅಣುಬಾಂಬ್ ಇದ್ದದ್ದು ಅಮೆರಿಕದ ಬಳಿ ಮಾತ್ರ, ಸೋವಿಯತ್ ಒಕ್ಕೂಟದ ಮೊದಲ ಪರೀಕ್ಷೆ ನಡೆದದ್ದು 1949ರ ಆಗಸ್ಟ್‌ನಲ್ಲಿ. ಬಾಂಬ್ ಇಲ್ಲದವನು ರಸ್ತೆ ಮುಚ್ಚಿದ, ಬಾಂಬ್ ಇದ್ದವನು ರಸ್ತೆಯ ಮೇಲೆ ಸೈನ್ಯ ನುಗ್ಗಿಸದೆ ವಿಮಾನ ಹಾರಿಸಿದ. ಬರೀ ಭಯದ ಲೆಕ್ಕದಿಂದ ಇದು ಅರ್ಥವಾಗುವುದಿಲ್ಲ. ಕಾಗದದಲ್ಲಿ ಬರೆದಿದ್ದ ದಾರಿಯನ್ನು ಇಬ್ಬರೂ ಗೌರವಿಸಿದರು, ಬರೆಯದೆ ಬಿಟ್ಟಿದ್ದ ದಾರಿಯಲ್ಲಿ ಜಗಳವಾಯಿತು. ನಾಲ್ಕೂ ರಾಷ್ಟ್ರಗಳ ಅಧಿಕಾರಿಗಳು ಒಟ್ಟಿಗೆ ಕೂತು ವಿಮಾನಗಳ ಸುರಕ್ಷತೆ ನೋಡಿಕೊಳ್ಳುತ್ತಿದ್ದ ಕಚೇರಿ ದಿಗ್ಬಂಧನದ ದಿನಗಳಲ್ಲೂ ತೆರೆದೇ ಇತ್ತು.

ಇನ್ನು 1961. ಪೂರ್ವ ಜರ್ಮನಿ ಸ್ಥಾಪನೆಯಾದ 1949ರಿಂದ 1961ರ ಬೇಸಿಗೆಯೊಳಗೆ ಸುಮಾರು 27 ಲಕ್ಷ ಜನ ಆ ದೇಶ ಬಿಟ್ಟು ಹೋಗಿದ್ದರು, ಬಹಳಷ್ಟು ಮಂದಿ ಬರ್ಲಿನ್ನಿನ ಮೂಲಕವೇ. ಆ ಸೋರಿಕೆಯನ್ನು ನಿಲ್ಲಿಸಲು ಆಗಸ್ಟ್ 13ರ ಭಾನುವಾರ ಮುಂಜಾನೆ ಮುಳ್ಳುತಂತಿ ಎಳೆಯಲಾಯಿತು, ಆಮೇಲೆ ಅದು ಗೋಡೆಯಾಯಿತು. ಅಮೆರಿಕದ ಅಧ್ಯಕ್ಷ ಕೆನಡಿ ಜುಲೈ 25ರ ಭಾಷಣದಲ್ಲಿ ಕಾಪಾಡುವುದಾಗಿ ಹೇಳಿದ್ದು ಪಶ್ಚಿಮ ಬರ್ಲಿನ್ನನ್ನು, ಇಡೀ ಬರ್ಲಿನ್ನನ್ನಲ್ಲ. ಈ ವ್ಯತ್ಯಾಸವನ್ನು ಮಾಸ್ಕೋದವರು ಚೆನ್ನಾಗಿ ಓದಿಕೊಂಡರು. ಗೋಡೆ ಎದ್ದದ್ದು ಪೂರ್ವದ ನೆಲದ ಮೇಲೆ. ಪಶ್ಚಿಮ ಬರ್ಲಿನ್ನಿಗೆ ಹೋಗಿಬರುವ ದಾರಿಗಳನ್ನು ಅದು ಮುಟ್ಟಲಿಲ್ಲ. ಆದ್ದರಿಂದಲೇ ವಾಷಿಂಗ್ಟನ್ ಖಂಡನೆಯ ಪತ್ರ ಕಳಿಸಿತು, ಬುಲ್ಡೋಜರ್ ಕಳಿಸಲಿಲ್ಲ.

ಆದರೆ ಗೋಡೆ ರೇಖೆಯನ್ನು ಸ್ಪಷ್ಟಪಡಿಸಿದಷ್ಟೇ ಹೊಣೆಯನ್ನು ಮಸುಕುಮಾಡಿತು. 1945ರ ವ್ಯವಸ್ಥೆಯಂತೆ ಪಾಶ್ಚಾತ್ಯ ಅಧಿಕಾರಿಗಳು ನಗರದ ನಾಲ್ಕೂ ವಲಯಗಳಲ್ಲಿ ತಡೆಯಿಲ್ಲದೆ ಓಡಾಡಬಹುದಿತ್ತು. ಅವರನ್ನು ತಡೆದು ಪ್ರಶ್ನಿಸುವ ಅಧಿಕಾರ ಸೋವಿಯತ್ ಸೇನೆಗೆ ಇತ್ತೇ ಹೊರತು ಪೂರ್ವ ಜರ್ಮನಿಯ ಪೊಲೀಸರಿಗೆ ಇರಲಿಲ್ಲ. ಅಕ್ಟೋಬರ್ 22ರ ಸಂಜೆ ಅಮೆರಿಕದ ಹಿರಿಯ ರಾಜತಾಂತ್ರಿಕ ಅಲನ್ ಲೈಟ್ನರ್ ಪತ್ನಿಯೊಂದಿಗೆ ಪೂರ್ವ ಬರ್ಲಿನ್ನಿನ ರಂಗಮಂದಿರಕ್ಕೆ ಹೊರಟಾಗ ಆ ಪೊಲೀಸರು ಗುರುತಿನ ಚೀಟಿ ಕೇಳಿದರು. ಅವರು ತೋರಿಸಲಿಲ್ಲ, ಸೋವಿಯತ್ ಅಧಿಕಾರಿಯನ್ನು ಕರೆಸಿ ಎಂದರು. ಬ್ರಿಟಿಷರು ಇಂಥ ಸಂದರ್ಭದಲ್ಲಿ ಚೀಟಿ ತೋರಿಸಿ ಮುಂದೆ ಹೋಗುತ್ತಿದ್ದರು, ಈ ಹಟ ಅವರಿಗೆ ಅನಗತ್ಯವೆನಿಸಿತ್ತು. ಬರ್ಲಿನ್ನಿನಲ್ಲಿ ಕೆನಡಿಯ ಪ್ರತಿನಿಧಿಯಾಗಿದ್ದ ಜನರಲ್ ಲೂಷಿಯಸ್ ಕ್ಲೇ ಅವರಿಗೆ ಮಾತ್ರ ಇದು ಚೀಟಿಯ ಪ್ರಶ್ನೆಯಾಗಿರಲಿಲ್ಲ. ಇಂದು ಪೂರ್ವ ಜರ್ಮನಿಯ ಪೊಲೀಸನಿಗೆ ಚೀಟಿ ತೋರಿಸಿದರೆ ನಾಳೆ ಪೂರ್ವ ಬರ್ಲಿನ್ನಿಗೆ ಸೋವಿಯತ್ ಒಕ್ಕೂಟ ಹೊಣೆಯಲ್ಲ ಎಂದಾಗುತ್ತದೆ. ಆಗ ಏನಾದರೂ ಅನಾಹುತವಾದರೆ ಮಾತನಾಡಿ ನಿಲ್ಲಿಸಲು ಎದುರುಗಡೆ ಯಾರೂ ಇರುವುದಿಲ್ಲ ಎಂಬುದು ಅವರ ವಾದ.

ಅವರು ಸಶಸ್ತ್ರ ಜೀಪುಗಳ ಬೆಂಗಾವಲಿನಲ್ಲಿ ಕಾರುಗಳನ್ನು ಒಳಗೆ ಕಳಿಸಿದರು, ಫ್ರೀಡ್ರಿಖ್‌ಸ್ಟ್ರಾಸೆ ಬೀದಿಯಲ್ಲಿದ್ದ ಚೆಕ್‌ಪಾಯಿಂಟ್ ಚಾರ್ಲಿ ಎಂಬ ಗಡಿ ತಪಾಸಣಾ ಠಾಣೆಯ ಬಳಿ ಟ್ಯಾಂಕುಗಳನ್ನು ತಂದು ನಿಲ್ಲಿಸಿದರು. ಇಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿ ಇದೆ. ಕ್ಲೇ ಅದಕ್ಕೂ ಮುಂಚೆ ಪಶ್ಚಿಮ ಬರ್ಲಿನ್ನಿನ ಕಾಡಿನೊಳಗೆ ಗೋಡೆಯ ಪ್ರತಿರೂಪ ಕಟ್ಟಿಸಿ, ಅದನ್ನು ಟ್ಯಾಂಕಿನಿಂದ ಕೆಡವುವ ಅಭ್ಯಾಸ ಮಾಡಿಸಿದ್ದರು. ಸೋವಿಯತ್ ಬೇಹುಗಾರರು ಅದನ್ನು ನೋಡಿ ಮಾಸ್ಕೋಗೆ ತಿಳಿಸಿದ್ದರು. ಹೀಗಾಗಿ ಅಮೆರಿಕನ್ನರು ಓಡಾಟದ ಹಕ್ಕಿಗಾಗಿ ತಂದ ಟ್ಯಾಂಕುಗಳು ಸೋವಿಯತ್ತರಿಗೆ ಗೋಡೆ ಕೆಡವಲು ಬಂದ ಟ್ಯಾಂಕುಗಳಾಗಿ ಕಂಡವು. ಅಕ್ಟೋಬರ್ 27ರ ಸಂಜೆ ಸೋವಿಯತ್ ಟ್ಯಾಂಕುಗಳು ಗುರುತುಗಳನ್ನು ಮರೆಮಾಡಿಕೊಂಡು ಮುಂದೆ ಬಂದು, ಕೂಗಳತೆಯ ದೂರದಲ್ಲಿ ನಿಂತವು. ಸುಮಾರು 16 ಗಂಟೆ ಹಾಗೆಯೇ ಕಳೆಯಿತು.

ಕ್ಲೇ ಅವರಿಗೆ ಅದು ಸೋಲಾಗಿ ಕಾಣಲಿಲ್ಲ. ಸೋವಿಯತ್ ಟ್ಯಾಂಕು ಬಂದಿತೆಂದರೆ ಪೂರ್ವ ಬರ್ಲಿನ್ನಿನ ಯಜಮಾನ ಯಾರೆಂಬುದು ಎಲ್ಲರ ಎದುರು ಸಾಬೀತಾಯಿತು ಎಂದು ಅವರು ಪತ್ರಕರ್ತರಿಗೆ ಹೇಳಿದರು. ಅತ್ತ ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ, ಪತ್ರಕರ್ತನ ವೇಷದಲ್ಲಿದ್ದ ಸೋವಿಯತ್ ಸೇನಾ ಗುಪ್ತಚರ ಗಿಯೋರ್ಗಿ ಬೊಲ್ಶಕೋವ್ ಮೂಲಕ ಮಾತು ಕಳಿಸಿದರು. 28ರ ಬೆಳಿಗ್ಗೆ ಮೊದಲು ಒಂದು ಸೋವಿಯತ್ ಟ್ಯಾಂಕು ಕೆಲವು ಮೀಟರ್ ಹಿಂದೆ ಸರಿಯಿತು, ಆಮೇಲೆ ಒಂದು ಅಮೆರಿಕನ್ ಟ್ಯಾಂಕು ಸರಿಯಿತು. ಹೀಗೆ ಸರದಿಯ ಮೇಲೆ ಎಲ್ಲವೂ ಹೊರಟುಹೋದವು. ತಾವು ಮೊದಲು ಹಿಂದೆಗೆದರೆ ಅಮೆರಿಕನ್ನರಿಗೆ ಮರ್ಯಾದೆಯಿಂದ ಹಿಂದೆಗೆಯಲು ದಾರಿ ಸಿಗುತ್ತದೆ ಎಂದು ಎಣಿಸಿಯೇ ಆ ಆದೇಶ ಕೊಟ್ಟೆ ಎಂದು ಸೋವಿಯತ್ ನಾಯಕ ಕ್ರುಶ್ಚೇವ್ ಆಮೇಲೆ ಹೇಳಿಕೊಂಡರು. ಜಂಬದ ಮಾತಿರಬಹುದು, ಆದರೆ ಲೆಕ್ಕ ಸರಿಯಾಗಿಯೇ ಇತ್ತು.

ಉತ್ತರ 2: ಅಂಕಿಸಂಖ್ಯೆ

ಹಳೇನಕ್ಷೆ ಅವರ ವಿವರಗಳನ್ನು ಮೆಚ್ಚುತ್ತೇನೆ, ಆದರೆ ಅವರು ಬಾಂಬನ್ನು ಬಹಳ ಬೇಗ ಪಕ್ಕಕ್ಕೆ ತಳ್ಳಿದ್ದಾರೆ. ಅದೇ ಅಕ್ಟೋಬರ್ ತಿಂಗಳ ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. 17ರಂದು ಮಾಸ್ಕೋದಲ್ಲಿ ಸೋವಿಯತ್ ಕಮ್ಯುನಿಸ್ಟ್ ಪಕ್ಷದ 22ನೆಯ ಮಹಾಧಿವೇಶನ ಆರಂಭವಾಯಿತು. ಅಂದೇ ಕ್ರುಶ್ಚೇವ್ ಪೂರ್ವ ಜರ್ಮನಿಯೊಂದಿಗೆ ಶಾಂತಿ ಒಪ್ಪಂದ ಮಾಡಿಕೊಂಡು ಬರ್ಲಿನ್ ಪ್ರಶ್ನೆ ಮುಗಿಸಲು ತಾವು ಹಾಕಿದ್ದ ವರ್ಷಾಂತ್ಯದ ಗಡುವನ್ನು ಕೈಬಿಟ್ಟರು. 21ರಂದು ಅಮೆರಿಕದ ರಕ್ಷಣಾ ಉಪಕಾರ್ಯದರ್ಶಿ ರೋಸ್‌ವೆಲ್ ಗಿಲ್‌ಪ್ಯಾಟ್ರಿಕ್ ಒಂದು ಭಾಷಣದಲ್ಲಿ, ಸೋವಿಯತ್ ಒಕ್ಕೂಟ ಮೊದಲು ಹೊಡೆದರೂ ತಮ್ಮ ಬಳಿ ಉಳಿಯುವ ಅಣ್ವಸ್ತ್ರ ಶಕ್ತಿ ಅದರಷ್ಟೇ ಅಥವಾ ಅದಕ್ಕಿಂತ ಹೆಚ್ಚು ಇರುತ್ತದೆ ಎಂದು ಬಹಿರಂಗವಾಗಿ ಸಾರಿದರು. ಅದು ಬರಿಯ ಬಾಯಿಮಾತಲ್ಲ. ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳನ್ನು ನೋಡಿದ ಅಮೆರಿಕದ ಗುಪ್ತಚರ ಸಂಸ್ಥೆಗಳು ಸೆಪ್ಟೆಂಬರ್‌ನಲ್ಲಿ ಸೋವಿಯತ್ತರ ಬಳಿ ಇರುವ ಖಂಡಾಂತರ ಕ್ಷಿಪಣಿಗಳ ನೆಲೆಗಳ ಅಂದಾಜನ್ನು ಬರೀ 10–25ರಷ್ಟಕ್ಕೆ ಇಳಿಸಿದ್ದವು. 22ರಂದು ಲೈಟ್ನರ್ ಪ್ರಸಂಗ. 23ರ ದಿನಾಂಕವುಳ್ಳ ಅಮೆರಿಕದ ರಹಸ್ಯ ಸೂಚನೆಯೊಂದು ಬರ್ಲಿನ್ನಿನ ದಾರಿ ಮುಚ್ಚಿದರೆ ಹಂತಹಂತವಾಗಿ ಏನು ಮಾಡಬೇಕೆಂದು ಪಟ್ಟಿಮಾಡಿತು, ಅದರ ಕೊನೆಯ ಹಂತ ಅಣ್ವಸ್ತ್ರ ಪ್ರಯೋಗ. 27ರಂದು ಟ್ಯಾಂಕುಗಳು. 30ರಂದು ಆರ್ಕ್‌ಟಿಕ್ ಸಾಗರದ ನೊವಾಯಾ ಜೆಮ್ಲ್ಯಾ ದ್ವೀಪದ ಮೇಲೆ ಸೋವಿಯತ್ ಒಕ್ಕೂಟ ಸುಮಾರು 50 ಮೆಗಾಟನ್ ಶಕ್ತಿಯ ಬಾಂಬ್ ಸಿಡಿಸಿತು; ಅದಕ್ಕಿಂತ ದೊಡ್ಡದನ್ನು ಇಂದಿನವರೆಗೆ ಯಾರೂ ಸಿಡಿಸಿಲ್ಲ.

ಎರಡು ವಾರಗಳಲ್ಲಿ ಇಷ್ಟೆಲ್ಲ ನಡೆದಿರುವಾಗ, ಫ್ರೀಡ್ರಿಖ್‌ಸ್ಟ್ರಾಸೆಯಲ್ಲಿ ನಿಂತ ಹತ್ತಿಪ್ಪತ್ತು ಟ್ಯಾಂಕುಗಳು ಕಾಗದದ ಮೇಲಿನ ಹಕ್ಕುಗಳ ಬಲದಿಂದ ಹಿಂದೆ ಸರಿದವು ಎಂಬುದನ್ನು ನಾನು ಒಪ್ಪಲಾರೆ. ಕಾಗದಕ್ಕೆ ಬೆಲೆ ಬಂದದ್ದು ಅದರ ಹಿಂದೆ ಬಾಂಬ್ ಇದ್ದುದರಿಂದ. ಮುಂದಿನ ವರ್ಷ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಪತ್ತೆಯಾದಾಗ ಕೆನಡಿ ತಮ್ಮ ಸಲಹೆಗಾರರೊಂದಿಗೆ ಮತ್ತೆ ಮತ್ತೆ ಮಾತನಾಡಿದ್ದು ಬರ್ಲಿನ್ ಬಗ್ಗೆ: ಕ್ಯೂಬಾದ ಮೇಲೆ ದಾಳಿ ಮಾಡಿದರೆ ಕ್ರುಶ್ಚೇವ್ ಬರ್ಲಿನ್ನನ್ನು ಹಿಡಿಯುತ್ತಾರೆ, ಆಗ ಅಣ್ವಸ್ತ್ರ ಬಿಟ್ಟರೆ ತಮಗೆ ಬೇರೆ ದಾರಿ ಉಳಿಯುವುದಿಲ್ಲ ಎಂದು. ಪಶ್ಚಿಮ ಬರ್ಲಿನ್ನಿನಲ್ಲಿದ್ದ ಪಾಶ್ಚಾತ್ಯ ಸೈನಿಕರ ಸಂಖ್ಯೆ ಸುತ್ತಲಿನ ಸೋವಿಯತ್ ಸೇನೆಯ ಎದುರು ಏನೇನೂ ಅಲ್ಲ. ಆ ನಗರವನ್ನು ಸಾಮಾನ್ಯ ಶಸ್ತ್ರಗಳಿಂದ ಉಳಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ, ಅದು ಎರಡೂ ಕಡೆಗೆ ಗೊತ್ತಿತ್ತು.

ಒಂದು ಮಾತನ್ನು ಮಾತ್ರ ಹಳೇನಕ್ಷೆ ಅವರಿಗೆ ಬಿಟ್ಟುಕೊಡುತ್ತೇನೆ. 1963ರ ಜೂನ್‌ನಲ್ಲಿ ವಾಷಿಂಗ್ಟನ್ ಮತ್ತು ಮಾಸ್ಕೋ ನಡುವೆ ನೇರ ಸಂಪರ್ಕದ ಒಪ್ಪಂದವಾದದ್ದು, ಬಾಂಬ್ ಹುಟ್ಟಿಸುವ ಭಯವನ್ನು ಸಮಯಕ್ಕೆ ಸರಿಯಾಗಿ ಎದುರಿನವನಿಗೆ ತಿಳಿಸಲು ಬೊಲ್ಶಕೋವ್‌ನಂಥವರನ್ನು ನೆಚ್ಚಿಕೊಂಡರೆ ಸಾಲದು ಎಂದು ಕ್ಯೂಬಾದಲ್ಲಿ ಮನವರಿಕೆಯಾದ ಮೇಲೆ. ಸಿನಿಮಾಗಳಲ್ಲಿ ತೋರಿಸುವಂತೆ ಅದು ಕೆಂಪು ಫೋನ್ ಆಗಿರಲಿಲ್ಲ, ಟೆಲಿಪ್ರಿಂಟರ್ ಆಗಿತ್ತು.

ಉತ್ತರ 3: ಕಾವೇರಿ_ತಡಿ

ಮೇಷ್ಟ್ರು ಕೊರಿಯಾದ ಬಗ್ಗೆ ಕೇಳಿದ್ದಾರೆ. ಅಲ್ಲಿನ ಗಡಿಯ ಜೊತೆ ನಮ್ಮ ಕೊಡಗಿನ ನಂಟು ಇರುವುದರಿಂದ ಬರೆಯುತ್ತಿದ್ದೇನೆ, ಅಭಿಮಾನ ಸ್ವಲ್ಪ ಹೆಚ್ಚಾಗಿ ಕಂಡರೆ ಕ್ಷಮೆಯಿರಲಿ.

ಕೊರಿಯಾವನ್ನು ಮೊದಲು ಸೀಳಿದ 38ನೆಯ ಅಕ್ಷಾಂಶ ರೇಖೆಯನ್ನು 1945ರ ಆಗಸ್ಟ್‌ನ ಒಂದು ರಾತ್ರಿ ವಾಷಿಂಗ್ಟನ್ನಿನಲ್ಲಿ ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಸೇನಾಧಿಕಾರಿಗಳು ಒಂದು ಸಾಧಾರಣ ಭೂಪಟ ಮುಂದಿಟ್ಟುಕೊಂಡು ಅರ್ಧ ಗಂಟೆಯಲ್ಲಿ ಆರಿಸಿದರು. ನದಿ, ಬೆಟ್ಟ, ಊರು ಯಾವುದನ್ನೂ ಲೆಕ್ಕಿಸದ ಆ ರೇಖೆಯನ್ನು ದಾಟಿ 1950ರ ಜೂನ್ 25ರಂದು ಯುದ್ಧ ನಡೆದೇಬಿಟ್ಟಿತು. ಈಗಿರುವ ಗಡಿ ಅದಲ್ಲ. 1953ರ ಜುಲೈ 27ರಂದು ಪಾನ್ಮುಂಜೊಮ್‌ನಲ್ಲಿ ಸಹಿಯಾದ ಕದನವಿರಾಮ ಒಪ್ಪಂದದ ಹೊತ್ತಿಗೆ ಸೈನ್ಯಗಳು ಎಲ್ಲಿ ನಿಂತಿದ್ದವೋ ಅಲ್ಲಿ ಎಳೆದದ್ದು; ಎರಡೂ ಕಡೆ ಎರಡೆರಡು ಕಿಲೋಮೀಟರ್ ಹಿಂದೆಗೆದು, ಸುಮಾರು 250 ಕಿಲೋಮೀಟರ್ ಉದ್ದದ ಸೇನಾರಹಿತ ವಲಯವನ್ನು ನಡುವೆ ಬಿಡಲಾಯಿತು.

ಆ ಒಪ್ಪಂದ ಎರಡು ವರ್ಷ ಎಳೆದಾಡಲು ಮುಖ್ಯ ಕಾರಣ ಯುದ್ಧಕೈದಿಗಳು. ತಮ್ಮ ದೇಶಕ್ಕೆ ಮರಳಲು ಒಪ್ಪದ ಕೈದಿಗಳನ್ನು ಏನು ಮಾಡುವುದು? ಅವರನ್ನು ತಟಸ್ಥ ರಾಷ್ಟ್ರಗಳ ಆಯೋಗವೊಂದರ ವಶಕ್ಕೆ ಕೊಡುವುದೆಂದು ತೀರ್ಮಾನವಾಗಿ, ಅದರ ಅಧ್ಯಕ್ಷತೆ ಭಾರತಕ್ಕೆ ಬಂತು. ಸ್ವೀಡನ್, ಸ್ವಿಟ್ಜರ್‌ಲೆಂಡ್ ಒಂದು ಕಡೆಗೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆಗೆ ವಾಲುವ ಆ ಆಯೋಗದ ಅಧ್ಯಕ್ಷರಾಗಿ ಹೋದವರು ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಥೋರಟ್ ಅವರ ನೇತೃತ್ವದಲ್ಲಿ ಭಾರತದ ಸೇನೆ ಹೋಯಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಬಾರದೆಂದು ಹಟ ಹಿಡಿದ ಕಾರಣ, ಇಂಚೋನ್ ಬಂದರಿನಿಂದ ಅವರನ್ನು ಹೆಲಿಕಾಪ್ಟರ್‌ಗಳಲ್ಲಿ ನೇರವಾಗಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಬಿಡಾರಕ್ಕೆ ಹಿಂದ್ ನಗರ ಎಂದು ಹೆಸರಿಟ್ಟರು.

ಹಳೇನಕ್ಷೆ ಅವರು ಹೊಣೆ ಯಾರದೆಂಬ ಪ್ರಶ್ನೆ ಎತ್ತಿದ್ದಾರಲ್ಲ, ಅದಕ್ಕೆ ರೀ ಅವರೇ ಒಳ್ಳೆಯ ಉದಾಹರಣೆ. ಅವರು ಕದನವಿರಾಮಕ್ಕೆ ಸಹಿ ಹಾಕಲೇ ಇಲ್ಲ. ಅದಕ್ಕೂ ಮೊದಲು ಜೂನ್‌ನಲ್ಲಿ 25 ಸಾವಿರಕ್ಕೂ ಹೆಚ್ಚು ಕೈದಿಗಳನ್ನು ತಾವಾಗಿಯೇ ಬಿಡುಗಡೆ ಮಾಡಿ ಒಪ್ಪಂದ ಮುರಿದುಬೀಳುವಂತೆ ಮಾಡಹೊರಟಿದ್ದರು. ಮಹಾಶಕ್ತಿಗಳು ಒಪ್ಪಿದರೂ ಒಪ್ಪದ ಒಬ್ಬ ಮಿತ್ರ ಎಷ್ಟು ಅಪಾಯಕಾರಿಯಾಗಬಲ್ಲ ಎಂಬುದನ್ನು ತಿಮ್ಮಯ್ಯನವರು ದಿನವೂ ಅನುಭವಿಸಿದರು. 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ಅವರ ವಶದಲ್ಲಿದ್ದರು. ಮರಳಿ ಬನ್ನಿ ಎಂದು ಅವರವರ ದೇಶದ ಪ್ರತಿನಿಧಿಗಳು ವಿವರಿಸಿ ಹೇಳಲು ಅವಕಾಶ ಕೊಡಬೇಕಿತ್ತು. ಶಿಬಿರಗಳೊಳಗಿನ ಕಮ್ಯುನಿಸ್ಟ್ ವಿರೋಧಿ ನಾಯಕರು ಅದಕ್ಕೆ ಅಡ್ಡಿಪಡಿಸಿದರು. ಬಲಪ್ರಯೋಗ ಮಾಡಿ ಕೈದಿಗಳನ್ನು ಎಳೆತರಲು ತಿಮ್ಮಯ್ಯನವರು ಒಪ್ಪಲಿಲ್ಲ. ಕೊನೆಗೆ 1954ರ ಜನವರಿಯಲ್ಲಿ ಕೈದಿಗಳನ್ನು ಅವರನ್ನು ಸೆರೆಹಿಡಿದಿದ್ದ ಸೇನೆಗಳಿಗೇ ಹಿಂತಿರುಗಿಸಲಾಯಿತು. 14 ಸಾವಿರಕ್ಕೂ ಹೆಚ್ಚು ಚೀನೀಯರು ತೈವಾನಿಗೆ ಹೋದರು. ಎರಡೂ ಕಡೆ ಬೇಡವೆಂದ 88 ಮಂದಿ ನಮ್ಮ ಸೈನ್ಯದ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು.

ಈ ಗಡಿಯಲ್ಲಿ ಮತ್ತೊಮ್ಮೆ ಯುದ್ಧದ ಅಂಚಿಗೆ ಹೋದದ್ದು 1976ರಲ್ಲಿ, ಅದೂ ಒಂದು ಮರಕ್ಕಾಗಿ. ಪಾನ್ಮುಂಜೊಮ್‌ನ ಜಂಟಿ ಭದ್ರತಾ ಪ್ರದೇಶದೊಳಗೆ ಆಗ ರೇಖೆಯ ಕಾವಲು ಇರಲಿಲ್ಲ, ಎರಡೂ ಕಡೆಯ ಕಾವಲುಗಾರರು ಎಲ್ಲೆಂದರಲ್ಲಿ ಓಡಾಡುತ್ತಿದ್ದರು. ಒಂದು ಪಾಪ್ಲರ್ ಮರ ತಮ್ಮ ಕಾವಲುಠಾಣೆಯ ನೋಟಕ್ಕೆ ಅಡ್ಡವಾಗಿದೆಯೆಂದು ಅದರ ಕೊಂಬೆ ಕಡಿಸಲು ಹೋದ ತಂಡದ ಮೇಲೆ ಆಗಸ್ಟ್ 18ರಂದು ಉತ್ತರ ಕೊರಿಯಾದ ಸೈನಿಕರು ಕೊಡಲಿ, ದೊಣ್ಣೆಗಳಿಂದ ದಾಳಿ ಮಾಡಿದರು. ಕ್ಯಾಪ್ಟನ್ ಆರ್ಥರ್ ಬೋನಿಫಾಸ್ ಮತ್ತು ಲೆಫ್ಟಿನೆಂಟ್ ಮಾರ್ಕ್ ಬ್ಯಾರೆಟ್ ಎಂಬ ಇಬ್ಬರು ಅಮೆರಿಕನ್ ಅಧಿಕಾರಿಗಳು ಸತ್ತರು. ಮೂರು ದಿನಗಳ ನಂತರ ಅಮೆರಿಕ ಆ ಮರವನ್ನು ಬುಡಕ್ಕೆ ಕತ್ತರಿಸಿತು. ಗರಗಸ ಹಿಡಿದ ಸೈನಿಕರ ಹಿಂದೆ ಹೆಲಿಕಾಪ್ಟರ್‌ಗಳು, ಅವುಗಳ ಹಿಂದೆ ಅಣುಬಾಂಬ್ ಹೊರಬಲ್ಲ ಬಿ-52 ವಿಮಾನಗಳು, ಕಡಲಿನಲ್ಲಿ ವಿಮಾನವಾಹಕ ನೌಕೆ. ದಕ್ಷಿಣ ಕೊರಿಯಾದಲ್ಲಿ 1958ರಿಂದಲೇ ಅಮೆರಿಕದ ಅಣ್ವಸ್ತ್ರಗಳಿದ್ದವು, 1991ರವರೆಗೂ ಇದ್ದವು ಎಂಬುದನ್ನು ಅಂಕಿಸಂಖ್ಯೆ ಅವರಿಗಾಗಿ ಸೇರಿಸುತ್ತೇನೆ. ಉತ್ತರದವರು ಗುಂಡು ಹಾರಿಸಲಿಲ್ಲ. ಕಿಮ್ ಇಲ್-ಸುಂಗ್ ವಿಷಾದ ಸೂಚಿಸಿ ಸಂದೇಶ ಕಳಿಸಿದರು.

ಆದರೆ ಗಮನಿಸಬೇಕಾದದ್ದು ಸೆಪ್ಟೆಂಬರ್‌ನಲ್ಲಿ ಆದದ್ದು. ಜಂಟಿ ಪ್ರದೇಶದ ಒಳಗೂ ರೇಖೆಯನ್ನು ನೆಲದ ಮೇಲೆ ಗುರುತಿಸಿ, ಇತ್ತಲಿನ ಕಾವಲುಗಾರ ಅತ್ತ ಹೋಗಬಾರದೆಂದು ನಿಯಮ ಮಾಡಿದರು. ಬಿ-52 ವಿಮಾನಗಳು ಆ ದಿನವನ್ನು ದಾಟಿಸಿದವು. ಮುಂದಿನ ವರ್ಷಗಳನ್ನು ದಾಟಿಸಿದ್ದು ಆ ಕಾಂಕ್ರೀಟಿನ ಗೆರೆ. ಈ ವಿಷಯದಲ್ಲಿ ನಾನು ಹಳೇನಕ್ಷೆ ಅವರ ಪಕ್ಷ.

ತಿಮ್ಮಯ್ಯನವರು ಆಮೇಲೆ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದರು, 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆಯ ಶಾಂತಿಪಡೆಗೆ ನಾಯಕರಾದರು. ನಿಕೋಸಿಯಾ ನಗರವನ್ನು ಗ್ರೀಕರು ಮತ್ತು ತುರ್ಕರ ನಡುವೆ ಹಂಚುವ ಹಸಿರು ರೇಖೆಯನ್ನು ಕಾಯುತ್ತಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ ಅಲ್ಲಿ ತೀರಿಕೊಂಡರು.

ಇತಿಹಾಸದ_ಮೇಷ್ಟ್ರು

ಮೂವರಿಗೂ ಕೃತಜ್ಞತೆಗಳು. ತಿಮ್ಮಯ್ಯನವರು ಕೊರಿಯಾಕ್ಕೆ ಹೋಗಿದ್ದರೆಂದು ಪಾಠದಲ್ಲಿ ಒಂದು ಸಾಲು ಹೇಳುತ್ತಿದ್ದೆ, ಇನ್ನು ಮುಂದೆ ಒಂದು ತರಗತಿಯನ್ನೇ ಕೊಡಬಹುದು. ಹಳೇನಕ್ಷೆ ಅವರಲ್ಲಿ ಒಂದು ಉಪಪ್ರಶ್ನೆ: ವಿದ್ಯಾರ್ಥಿಗಳು ಖಂಡಿತ ನಮ್ಮ ನಿಯಂತ್ರಣ ರೇಖೆಯ ಬಗ್ಗೆ ಕೇಳುತ್ತಾರೆ. ನಿಮ್ಮ ಅಳತೆ ಅಲ್ಲಿಗೂ ಹೊಂದುತ್ತದೆಯೇ?

ಹಳೇನಕ್ಷೆ

ಅಲ್ಲಿ ಎದುರಾಳಿಗಳು ಮಹಾಶಕ್ತಿಗಳಲ್ಲ, ಜಗಳದ ಬೇರೂ ಬೇರೆ. ಆದ್ದರಿಂದ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆದರೂ ಒಂದು ಸಂಗತಿ ಹೇಳುತ್ತೇನೆ. ಹಳ್ಳಿಯಲ್ಲಿ ಬದುವಿನ ಜಗಳ ಗಡಿಕಲ್ಲು ಗಟ್ಟಿಯಾಗಿರುವ ಕಡೆಗಿಂತ ಕಲ್ಲೇ ಇಲ್ಲದ ಕಡೆ ಬೇಗ ಹುಟ್ಟುತ್ತದೆ. 1949ರ ಕರಾಚಿ ಒಪ್ಪಂದದಲ್ಲಿ ಕದನವಿರಾಮ ರೇಖೆಯನ್ನು ಎನ್‌ಜೆ 9842 ಎಂಬ ಬಿಂದುವಿನವರೆಗೆ ಎಳೆದು, ಮುಂದೆ ಉತ್ತರಕ್ಕೆ ಹಿಮನದಿಗಳ ಕಡೆಗೆ ಎಂದಷ್ಟೇ ಬರೆದು ನಿಲ್ಲಿಸಿದ್ದರು. ಶಿಮ್ಲಾ ಒಪ್ಪಂದದ ನಂತರ 1972ರಲ್ಲಿ ನಿಯಂತ್ರಣ ರೇಖೆಯನ್ನು ಗುರುತಿಸಿದಾಗಲೂ ಆ ಬಿಂದುವಿನಾಚೆಗೆ ಹೋಗಲಿಲ್ಲ, ಆ ಮಂಜಿನಲ್ಲಿ ಯಾರು ಹೋರಾಡುತ್ತಾರೆ ಎಂದುಕೊಂಡಿರಬೇಕು. 1984ರ ಏಪ್ರಿಲ್‌ನಲ್ಲಿ ಭಾರತದ ಸೇನೆ ಸಿಯಾಚಿನ್ ಏರಿದ್ದು ಆ ಬರೆಯದೆ ಬಿಟ್ಟ ಜಾಗದಲ್ಲಿ. ಇದಕ್ಕೆ ವಿರುದ್ಧವಾಗಿ, ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂದು 1988ರ ಡಿಸೆಂಬರ್ 31ರಂದು ಆದ ಒಪ್ಪಂದ ಸ್ಪಷ್ಟವಾಗಿತ್ತು. ಅದರಂತೆ ಎರಡೂ ದೇಶಗಳು 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿಯನ್ನು ಬದಲಾಯಿಸಿಕೊಳ್ಳುತ್ತ ಬಂದಿವೆ, ಕಾರ್ಗಿಲ್ ಯುದ್ಧದ ಮುಂದಿನ ವರ್ಷವೂ ಅದು ತಪ್ಪಲಿಲ್ಲ.

ಅಂಕಿಸಂಖ್ಯೆ ಅವರಿಗೆ ಒಂದು ಮಾತು. ಬಾಂಬ್ ಇಲ್ಲದಿದ್ದರೆ ಕಾಗದಕ್ಕೆ ಬೆಲೆ ಇರುತ್ತಿರಲಿಲ್ಲ ಎನ್ನುವುದು 1961ಕ್ಕೆ ಸರಿ. 1948ಕ್ಕೆ ಅದೇ ಮಾತನ್ನು ಹೇಳಬೇಕಾದರೆ, ಬಾಂಬ್ ಇಲ್ಲದ ಸ್ಟಾಲಿನ್ ಹತ್ತೂವರೆ ತಿಂಗಳು ರಸ್ತೆ ಮುಚ್ಚಿ ಕೂರಲು ಧೈರ್ಯ ಎಲ್ಲಿಂದ ಬಂತೆಂದು ನೀವು ವಿವರಿಸಬೇಕಾಗುತ್ತದೆ.

ಉತ್ತರ 4: ಸ್ಪ್ರೀ_ದಂಡೆ

ಬರ್ಲಿನ್ನಿನಲ್ಲಿ ನೆಲೆಸಿರುವ ಕನ್ನಡತಿಯಾಗಿ ಈ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಹಳೇನಕ್ಷೆ ಅವರ ವಾದ ಮಹಾಶಕ್ತಿಗಳ ಮಟ್ಟಿಗೆ ನನಗೆ ಒಪ್ಪಿಗೆಯಾಗುತ್ತದೆ. ಆದರೆ ರೇಖೆ ಸ್ಪಷ್ಟವಾದರೆ ಶಾಂತಿ ಎಂಬ ಮಾತನ್ನು ವಿದ್ಯಾರ್ಥಿಗಳಿಗೆ ಹಾಗೆಯೇ ಒಪ್ಪಿಸುವ ಮೊದಲು ಆ ಸ್ಪಷ್ಟತೆಯ ಬೆಲೆಯನ್ನು ಯಾರು ತೆತ್ತರು ಎಂಬುದನ್ನೂ ಹೇಳಬೇಕು.

ಇಲ್ಲಿನ ಬೆರ್ನಾವರ್ ಸ್ಟ್ರಾಸೆ ಎಂಬ ಬೀದಿಯಲ್ಲಿ ಮನೆಗಳು ಪೂರ್ವಕ್ಕೆ ಸೇರಿದ್ದವು, ಮನೆಯ ಮುಂದಿನ ಕಾಲುದಾರಿ ಪಶ್ಚಿಮಕ್ಕೆ. ಅಂದರೆ ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಬೇರೆ ಬಣದ ನೆಲ. ಗೋಡೆಯ ಮೊದಲ ವಾರಗಳಲ್ಲಿ ಬಾಗಿಲುಗಳನ್ನು ಮುಚ್ಚಿದಾಗ ಜನ ಕಿಟಕಿಗಳಿಂದ ಧುಮುಕಿದರು, ಕಿಟಕಿಗಳಿಗೆ ಇಟ್ಟಿಗೆ ಕಟ್ಟಿದಾಗ ಮಾಳಿಗೆಯಿಂದ ಧುಮುಕಿದರು. 1961ರ ಆಗಸ್ಟ್ 22ರಂದು ಇಡಾ ಸೀಕ್‌ಮನ್ ಎಂಬ ಮಹಿಳೆ ಮೂರನೆಯ ಮಹಡಿಯ ಕಿಟಕಿಯಿಂದ ಹಾರಿ ಸತ್ತರು. ಗೋಡೆಗೆ ಬಲಿಯಾದವರ ದಾಖಲೆಯಲ್ಲಿ ಮೊದಲ ಹೆಸರು ಅವರದು. ಆ ದಾಖಲೆಯಲ್ಲಿ ಕನಿಷ್ಠ 140 ಜನರಿದ್ದಾರೆ. ಆ ಮನೆಗಳು ಈಗಿಲ್ಲ. ಸ್ಮಾರಕದ ಹುಲ್ಲಿನ ನಡುವೆ ಅವುಗಳ ಅಡಿಪಾಯದ ಗುರುತು ಮಾತ್ರ ಇದೆ.

ಟ್ಯಾಂಕುಗಳು ಎದುರುಬದುರಾಗಿದ್ದ ಚೆಕ್‌ಪಾಯಿಂಟ್ ಚಾರ್ಲಿಯ ಪಕ್ಕದಲ್ಲೇ, ಒಂದು ವರ್ಷ ತುಂಬುವ ಮೊದಲು, 1962ರ ಆಗಸ್ಟ್ 17ರಂದು 18 ವರ್ಷದ ಪೀಟರ್ ಫೆಕ್ಟರ್ ಗೋಡೆ ಹತ್ತುವಾಗ ಗುಂಡು ತಗುಲಿ ಪೂರ್ವದ ಬದಿಗೆ ಬಿದ್ದನು. ಸುಮಾರು ಒಂದು ಗಂಟೆ ಕೂಗುತ್ತ, ರಕ್ತ ಸೋರುತ್ತ ಬಿದ್ದಿದ್ದನು. ಪಶ್ಚಿಮದ ಪೊಲೀಸರು ಗೋಡೆಯ ಮೇಲಿನಿಂದ ಬ್ಯಾಂಡೇಜ್ ಎಸೆದರು. ಅಮೆರಿಕನ್ ಸೈನಿಕರು ರೇಖೆ ದಾಟಲಿಲ್ಲ, ಪೂರ್ವದ ಕಾವಲುಗಾರರು ಬಹಳ ಹೊತ್ತು ಹತ್ತಿರ ಬರಲಿಲ್ಲ. ಎಲ್ಲರಿಗೂ ರೇಖೆ ಎಲ್ಲಿದೆ ಎಂದು ಖಚಿತವಾಗಿ ಗೊತ್ತಿತ್ತು, ಯಾರ ಹೊಣೆ ಎಂದೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಯಾರೂ ಆ ಹುಡುಗನನ್ನು ಎತ್ತಿಕೊಳ್ಳಲಿಲ್ಲ.

ಇನ್ನೊಂದು ಸಂಗತಿ ಹಳೇನಕ್ಷೆ ಅವರ ಅಳತೆಗೆ ಸುಲಭವಾಗಿ ಸಿಗುವುದಿಲ್ಲ. ಗೋಡೆ ಎದ್ದ ಮೇಲೆ ಪಶ್ಚಿಮ ಬರ್ಲಿನ್ನಿನವರು ಎರಡು ವರ್ಷಕ್ಕೂ ಹೆಚ್ಚು ಕಾಲ ಆಚೆ ಕಡೆಯ ತಮ್ಮ ತಾಯಿತಂದೆಯರನ್ನು, ಅಕ್ಕತಂಗಿಯರನ್ನು ನೋಡಲು ಹೋಗುವಂತಿರಲಿಲ್ಲ. 1963ರ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್‌ಗೆ ಪ್ರವೇಶಪತ್ರ ಕೊಡುವ ಒಪ್ಪಂದವಾಯಿತು. ಮಾತುಕತೆ ನಡೆಸಿದವರು ವಿಲ್ಲಿ ಬ್ರಾಂಟ್ ಮೇಯರ್ ಆಗಿದ್ದ ಪಶ್ಚಿಮ ಬರ್ಲಿನ್ ಆಡಳಿತ ಮತ್ತು ಪಶ್ಚಿಮದವರು ಸರ್ಕಾರವೆಂದೇ ಮಾನ್ಯ ಮಾಡದಿದ್ದ ಪೂರ್ವ ಜರ್ಮನಿ. ಸ್ಥಳಗಳ, ಕಚೇರಿಗಳ, ಅಧಿಕಾರಗಳ ಹೆಸರುಗಳ ಬಗ್ಗೆ ತಮ್ಮಲ್ಲಿ ಒಮ್ಮತ ಸಾಧ್ಯವಾಗಲಿಲ್ಲ ಎಂಬ ಮಾತನ್ನು ಎರಡೂ ಕಡೆಯವರು ಒಪ್ಪಂದದಲ್ಲಿಯೇ ಬರೆದುಕೊಂಡು ಸಹಿ ಹಾಕಿದರು. ಹೊಣೆ ಯಾರದು ಎಂಬ ಪ್ರಶ್ನೆಗಾಗಿ ಕ್ಲೇ ಟ್ಯಾಂಕು ತಂದಿದ್ದ ಅದೇ ನಗರದಲ್ಲಿ, ಆ ಪ್ರಶ್ನೆಯನ್ನು ಬೇಕೆಂದೇ ಬಗೆಹರಿಸದೆ ಬಿಟ್ಟರು. ಸುಮಾರು ಎರಡೂವರೆ ವಾರಗಳಲ್ಲಿ 12 ಲಕ್ಷದಷ್ಟು ಭೇಟಿಗಳು ನಡೆದವು. ನಗರದ ಎರಡು ಭಾಗಗಳ ನಡುವೆ 1952ರಲ್ಲಿ ಕಡಿದುಹೋಗಿದ್ದ ಟೆಲಿಫೋನ್ ಸಂಪರ್ಕ ಮಾತ್ರ 1971ರ ಜನವರಿಯವರೆಗೂ ಮರಳಿ ಬರಲಿಲ್ಲ. ವಾಷಿಂಗ್ಟನ್ನಿಗೂ ಮಾಸ್ಕೋಗೂ ನೇರ ಸಂಪರ್ಕ ಸಿಕ್ಕು ಆಗಲೇ ಏಳು ವರ್ಷ ಕಳೆದಿತ್ತು.